ಕಾಡಂಚಿನ ಶಾಲೆಯಲ್ಲಿ ಕಾಳ್ಗಿಚ್ಚಿನ ಪಾಠ: ಮಕ್ಕಳಿಗೆ ಏನನ್ನು, ಯಾವಾಗ, ಹೇಗೆ ಕಲಿಸಬೇಕು

ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ, ಭದ್ರಾ ಸುತ್ತಲಿನ ಊರುಗಳಲ್ಲಿ ಸಂಕ್ರಾಂತಿ ಕಳೆಯುವ ಹೊತ್ತಿಗೆ ಕಾಡಿನ ನೆಲದ ಮೇಲೆ ತರಗೆಲೆ ಹಾಸಿಕೊಂಡಿರುತ್ತದೆ. ಅಲ್ಲಿಂದ ಮುಂಗಾರು ಪೂರ್ವದ ಮಳೆ ಬೀಳುವವರೆಗೂ ಬೆಂಕಿಯ ಕಾಲ. ಫೆಬ್ರವರಿಯಿಂದ ಏಪ್ರಿಲ್‌ವರೆಗಂತೂ ಮೈಯೆಲ್ಲ ಕಣ್ಣಾಗಿರಬೇಕು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ 10 ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟದ್ದು ಕೆಲವೇ ದಿನಗಳಲ್ಲಿ. ಅದೇ ಕಾಲದಲ್ಲಿ ಕಾಡಂಚಿನ ಮಕ್ಕಳು ದನ ಕಾಯುತ್ತಾರೆ, ಸೌದೆ ತರುತ್ತಾರೆ, ಹುಣಸೆ, ನೆಲ್ಲಿ ಆಯುತ್ತಾರೆ, ಕಾಡಿನ ಪಕ್ಕದ ದಾರಿಯಲ್ಲೇ ಶಾಲೆಗೆ ನಡೆದು ಬರುತ್ತಾರೆ. ಎಷ್ಟೋ ಸಲ ಹೊಗೆಯನ್ನು ಮೊದಲು ಕಾಣುವುದು ಅವರ ಕಣ್ಣೇ.

ಈ ಮಾರ್ಗದರ್ಶಿ ಅಂಥ ಊರಿನ ಶಿಕ್ಷಕರಿಗೆ, ಪೋಷಕರಿಗೆ, ಶಾಲೆಗೆ ಬಂದು ಮಾತಾಡುವ ಅರಣ್ಯ ಸಿಬ್ಬಂದಿಗೆ. ಪಟ್ಟಣದ ಶಾಲೆಯವರಿಗೂ ಬಟ್ಟೆಗೆ ಬೆಂಕಿ, ಸುಟ್ಟ ಗಾಯ, ಕವಾಯತಿನ ಭಾಗಗಳು ಹಾಗೆಯೇ ಉಪಯೋಗಕ್ಕೆ ಬರುತ್ತವೆ.

ಶುರು ಮಾಡುವ ಮುನ್ನ ದೊಡ್ಡವರು ಒಪ್ಪಬೇಕಾದದ್ದು

ಮಗುವಿನ ಕೆಲಸ ಮೂರೇ: ನೋಡುವುದು, ಹೇಳುವುದು, ದೂರ ಸರಿಯುವುದು. ಬೆಂಕಿ ಆರಿಸುವುದು ಆ ಪಟ್ಟಿಯಲ್ಲಿ ಇಲ್ಲ. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ, 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡುಮನೆ ಬಳಿ ಬೆಂಕಿ ಆರಿಸಲು ಹೋದ ಅರಣ್ಯ ಸಿಬ್ಬಂದಿಯೇ ಪ್ರಾಣ ಕಳೆದುಕೊಂಡಿದ್ದಾರೆ. ಕಾಡನ್ನು ಅಂಗೈಯಂತೆ ಬಲ್ಲವರ ಗತಿಯೇ ಹೀಗಾದರೆ, ಹಸಿ ಸೊಪ್ಪು ಹಿಡಿದು ಬಡಿಯಲು ಹೋದ 12 ವರ್ಷದ ಹುಡುಗನ ಪಾಡೇನು? ಆದರೂ ಭಾಷಣ, ಪ್ರಬಂಧ, ಚಿತ್ರಕಲಾ ಸ್ಪರ್ಧೆಗಳಲ್ಲೆಲ್ಲ ನಾವು ಬಕೆಟ್ ಹಿಡಿದು ಬೆಂಕಿಗೆ ನೀರು ಎರಚುವ ಮಗುವನ್ನೇ ಮೆಚ್ಚಿ ಬಹುಮಾನ ಕೊಡುತ್ತೇವೆ. ಮೊದಲು ಅದನ್ನು ನಿಲ್ಲಿಸಿ.

ಮುಖ್ಯ ಶಿಕ್ಷಕರು, ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಒಬ್ಬಿಬ್ಬರು, ಬಿಸಿಯೂಟದ ಅಡುಗೆಯವರು, ಸಾಧ್ಯವಾದರೆ ಆ ಭಾಗದ ಅರಣ್ಯ ಗಾರ್ಡ್ ಅಥವಾ ಫೈರ್ ವಾಚರ್ (ಬೆಂಕಿ ಕಾಯುವವರು) ಒಂದರ್ಧ ಗಂಟೆ ಕುಳಿತು ಇಷ್ಟನ್ನು ಇತ್ಯರ್ಥ ಮಾಡಿಕೊಳ್ಳಿ: ಮಗು ಹೊಗೆ ಕಂಡರೆ ಮೊದಲು ಯಾರಿಗೆ ಹೇಳಬೇಕು, ಅವರು ಇಲ್ಲದಿದ್ದರೆ ಇನ್ನಾರಿಗೆ, ಶಾಲೆ ಖಾಲಿ ಮಾಡಿದರೆ ಎಲ್ಲಿ ಸೇರಬೇಕು, ವಲಯ ಅರಣ್ಯಾಧಿಕಾರಿ ಕಚೇರಿಯ ನಂಬರು ಯಾವುದು. ಅದರ ಜೊತೆಗೆ 112 (ತುರ್ತು ಸೇವೆ), 101 (ಅಗ್ನಿಶಾಮಕ), 108 (ಆಂಬುಲೆನ್ಸ್), 1926 (ಅರಣ್ಯ ಸಹಾಯವಾಣಿ) ಇವಿಷ್ಟನ್ನು ಕಚೇರಿಯ ಬಾಗಿಲ ಹೊರಗಡೆ, ಮಕ್ಕಳ ಕಣ್ಣಿನ ಎತ್ತರಕ್ಕೆ, ಬಣ್ಣದಲ್ಲಿ ಬರೆಸಿ. ಒಳಗೆ ಬರೆದರೆ ಬಾಗಿಲಿಗೆ ಬೀಗ ಬಿದ್ದ ದಿನ ಯಾರಿಗೂ ಕಾಣುವುದಿಲ್ಲ.

ಕಾಲ ಮುಖ್ಯ. ನವೆಂಬರ್ ಕೊನೆಯಲ್ಲಿ ಶುರು ಮಾಡಿ ಸಂಕ್ರಾಂತಿಯೊಳಗೆ ಮುಗಿಸಿ. ವಾರಕ್ಕೊಂದರಂತೆ 40 ನಿಮಿಷದ ಐದಾರು ಅವಧಿ ಸಾಕು. ಒಂದೇ ದಿನ ಮೂರು ಗಂಟೆ ಕೂರಿಸಿ ಹೇಳಿದ್ದು ಮನೆ ತಲುಪುವುದರೊಳಗೆ ಮರೆತುಹೋಗಿರುತ್ತದೆ.

1ನೇ ಅವಧಿ: ಬೆಂಕಿಗೆ ಏನು ಬೇಕು

ಬೆಂಕಿಗೆ ಉರಿಯಲು ಏನಾದರೂ ಬೇಕು, ಬಿಸಿ ಬೇಕು, ಗಾಳಿ ಬೇಕು. ಇದನ್ನು ಹೇಳುವುದು ಸುಲಭ, ತೋರಿಸುವುದು ಇನ್ನೂ ಸುಲಭ. ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಎರಡು ಬೆರಳು ದಪ್ಪ ಮರಳು ಹಾಕಿ. ಒಂದೇ ಎತ್ತರದ ಮೂರು ಸಣ್ಣ ಮೇಣದಬತ್ತಿ ನೆಟ್ಟು ಹಚ್ಚಿ. 250 ಮಿಲೀ, ಅರ್ಧ ಲೀಟರ್, ಒಂದು ಲೀಟರಿನ ಗಾಜಿನ ಜಾಡಿಗಳನ್ನು ಒಟ್ಟಿಗೇ ಬೋರಲು ಹಾಕಿ, ಅಂಚು ಮರಳಲ್ಲಿ ಹೂತಿರಲಿ. ಯಾವುದು ಮೊದಲು ಆರುತ್ತದೆ ಎಂದು ಮಕ್ಕಳು ಮೊದಲೇ ಊಹಿಸಿ ಬರೆದಿಟ್ಟುಕೊಳ್ಳಲಿ. ಸಣ್ಣ ಜಾಡಿಯ ಬತ್ತಿ ಮೊದಲು, ದೊಡ್ಡದರದು ಕೊನೆಗೆ ಆರುತ್ತದೆ.

ಇದೇ ಪ್ರಯೋಗವನ್ನು ನೀರಿನ ತಟ್ಟೆಯಲ್ಲಿ ಮಾಡಿ, ಜಾಡಿಯೊಳಗೆ ಏರಿದ ನೀರನ್ನು ತೋರಿಸಿ "ಆಮ್ಲಜನಕ ಖಾಲಿಯಾದ ಜಾಗಕ್ಕೆ ನೀರು ಬಂತು" ಎನ್ನುವ ರೂಢಿ ಇದೆ. ಅದು ತಪ್ಪು. ಬತ್ತಿ ಆರುವಾಗಲೂ ಜಾಡಿಯಲ್ಲಿ ಆಮ್ಲಜನಕ ಉಳಿದಿರುತ್ತದೆ, ಉರಿಗೆ ಸಾಲುವಷ್ಟು ಇರುವುದಿಲ್ಲ ಅಷ್ಟೆ. ನೀರು ಏರುವುದು ಬಹುಮಟ್ಟಿಗೆ ಒಳಗಿನ ಕಾದ ಗಾಳಿ ತಣ್ಣಗಾಗಿ ಕುಗ್ಗುವುದರಿಂದ. ಮರಳಿನಲ್ಲಿ ಮಾಡಿದರೆ ಈ ಗೊಂದಲವೇ ಹುಟ್ಟುವುದಿಲ್ಲ.

ಎರಡನೆಯದಕ್ಕೆ ಬೆಂಕಿಯೇ ಬೇಡ. ಶಾಲೆಯ ಅಂಗಳದಲ್ಲಿ ಬಿದ್ದ ಎಲೆಗಳನ್ನು ಬೆಳಿಗ್ಗೆ ಬಂದ ಕೂಡಲೇ ಒಂದು ಹಿಡಿ, ಮಧ್ಯಾಹ್ನ 2 ಗಂಟೆಗೆ ಒಂದು ಹಿಡಿ ಆಯಿಸಿ. ಕಿವಿಯ ಹತ್ತಿರ ಹಿಡಿದು ಹಿಸುಕಲು ಹೇಳಿ. ಬೆಳಗಿನ ಎಲೆ ಮೆತ್ತಗೆ ಮಡಚಿಕೊಳ್ಳುತ್ತದೆ. ಮಧ್ಯಾಹ್ನದ್ದು ಹಪ್ಪಳದ ಹಾಗೆ ಪುಡಿಯಾಗುತ್ತದೆ. ಇಬ್ಬನಿ ಆರಿದ ಮೇಲೆ, ಬಿಸಿಲು ನೆತ್ತಿಗೆ ಬಂದ ಮೇಲೆ ಕಾಡಿನ ಬೆಂಕಿ ಏಕೆ ಜೋರಾಗುತ್ತದೆ ಎಂಬುದು ಆ ಸದ್ದಿನಲ್ಲೇ ಗೊತ್ತಾಗುತ್ತದೆ. ತಿಂಗಳಿಗೊಮ್ಮೆ ಇದನ್ನು ಮಾಡಿಸಿ. ಡಿಸೆಂಬರಿನ ಎಲೆಗೂ ಮಾರ್ಚಿನ ಎಲೆಗೂ ಇರುವ ವ್ಯತ್ಯಾಸವನ್ನು ಮಕ್ಕಳೇ ನೋಟ್ ಪುಸ್ತಕದಲ್ಲಿ ಬರೆಯುತ್ತಾರೆ.

ಕಾಡಿನಲ್ಲೆಲ್ಲ ಹಬ್ಬಿರುವ ಲಂಟಾನ ಎಂಬ ಕಳೆಯ ಪೊದೆಯನ್ನು ಮರೆಯದೆ ತೋರಿಸಿ. ನೆಲದಲ್ಲಿ ಮೊಣಕಾಲೆತ್ತರ ಉರಿಯುವ ತರಗು ಲಂಟಾನದ ಒಣಗಿದ ಹಂಬು ಹಿಡಿದರೆ ಆಳೆತ್ತರ ಏರುತ್ತದೆ. ನಮ್ಮ ಕಾಡುಗಳಲ್ಲಿ ಹೆಚ್ಚಾಗಿ ಕಾಣುವುದು ನೆಲ ಹಿಡಿದು ಹೋಗುವ ಬೆಂಕಿ. ಸಿನಿಮಾಗಳಲ್ಲಿ ತೋರಿಸುವ ಹಾಗೆ ಮರದ ತುದಿಯಿಂದ ತುದಿಗೆ ಹಾರುವ ಬೆಂಕಿ ಇಲ್ಲಿ ಅಪರೂಪ. ಮಗುವಿನ ತಲೆಯಲ್ಲಿರುವ ಚಿತ್ರ ಸರಿಯಾಗಿರಬೇಕು. ಕಾಲ ಬುಡದ ಬೆಂಕಿಯನ್ನು "ಸಣ್ಣದು" ಎಂದುಕೊಂಡೇ ಜನ ಹತ್ತಿರ ಹೋಗುವುದು.

2ನೇ ಅವಧಿ: ಮೈದಾನದಲ್ಲಿ ಕಾಡಾಟ

ಇಡೀ ಪಾಠದಲ್ಲಿ ಮಕ್ಕಳ ನೆನಪಲ್ಲಿ ಉಳಿಯುವುದು ಇದೇ, ಆದ್ದರಿಂದ ಪೂರ್ತಿ ಒಂದು ಅವಧಿ ಕೊಡಿ. ಬೇಕಾದದ್ದು 24 ಮಕ್ಕಳು, ಸುಣ್ಣದ ಪುಡಿ, ಕೆಂಪು ಕಾಗದದ ಆರೇಳು ಉಂಡೆ.

ಮಕ್ಕಳನ್ನು 4 ಸಾಲಿನಲ್ಲಿ, ಸಾಲಿಗೆ 6 ಜನರಂತೆ ನಿಲ್ಲಿಸಿ. ಇಬ್ಬರೂ ಕೈ ಚಾಚಿದರೆ ಬೆರಳು ತಾಗುವಷ್ಟು ದೂರ ಇರಲಿ. ಪ್ರತಿ ಮಗುವಿನ ಪಾದದ ಸುತ್ತ ಸುಣ್ಣದ ವೃತ್ತ ಬರೆಯಿರಿ. ಅವರೀಗ ಮರಗಳು, ಬೇರು ಕೀಳುವ ಹಾಗಿಲ್ಲ. ಮೂಲೆಯ ಒಂದು ಮಗುವನ್ನು ಶಿಕ್ಷಕರು ಮುಟ್ಟುತ್ತಾರೆ. ಮುಟ್ಟಿಸಿಕೊಂಡವರು ಗಟ್ಟಿಯಾಗಿ ಮೂರರವರೆಗೆ ಎಣಿಸಿ, ಕೈಗೆಟುಕುವವರನ್ನೆಲ್ಲ ಮುಟ್ಟಿ, ಕುಳಿತುಬಿಡಬೇಕು. ನೋಡನೋಡುತ್ತಲೇ ಎಲ್ಲರೂ ಕುಳಿತಿರುತ್ತಾರೆ.

ಎರಡನೇ ಸುತ್ತಿಗೆ ಮಧ್ಯದಲ್ಲಿ 3 ಮೀಟರ್ ಅಗಲ ಖಾಲಿ ಬಿಟ್ಟು ಎರಡು ಗೆರೆ ಎಳೆಯಿರಿ. ಒಂದು ಬದಿಗೆ 12, ಇನ್ನೊಂದು ಬದಿಗೆ 12. ಬೆಂಕಿ ಗೆರೆಯ ಬಳಿ ನಿಲ್ಲುತ್ತದೆ. ಅರಣ್ಯ ಇಲಾಖೆಯವರು ಬೇಸಿಗೆಗೆ ಮುನ್ನ ಕಾಡಿನ ಉದ್ದಕ್ಕೂ ಹುಲ್ಲು, ತರಗು ಕಿತ್ತು ಸುಟ್ಟು ಬೋಳು ಮಾಡುವ ಬೆಂಕಿ ರೇಖೆ ಇದೇ ಎಂದು ಈಗ ಹೇಳಿ, ಮೊದಲೇ ಬೇಡ.

ಮೂರನೇ ಸುತ್ತಿನಲ್ಲಿ ಗಾಳಿ. "ಪಡುವಣ ಗಾಳಿ" ಎಂದು ಕೂಗಿದರೆ, ಉರಿಯುವ ಮರ ಮೂಡಣ ದಿಕ್ಕಿಗೆ ಮಾತ್ರ ಒಂದು ಹೆಜ್ಜೆ ಇಟ್ಟು ಮುಟ್ಟಬಹುದು, ಎಣಿಕೆ ಮೂರರ ಬದಲು ಒಂದೇ. ನಾಲ್ಕನೆಯದರಲ್ಲಿ ಮೈದಾನದ ಒಂದು ಬದಿ ಬೆಟ್ಟದ ತುದಿ. ಮೇಲಿನವರನ್ನು ಮುಟ್ಟಲು ಎರಡು ಹೆಜ್ಜೆ ಅವಕಾಶ, ಕೆಳಗಿನವರಿಗೆ ಹೆಜ್ಜೆಯೇ ಇಲ್ಲ. ಉರಿ ಮೇಲಕ್ಕೆ ಬಾಗಿ ಮುಂದಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸುವುದರಿಂದ ಇಳಿಜಾರಿನಲ್ಲಿ ಬೆಂಕಿ ಏರುವ ದಿಕ್ಕಿಗೆ ಓಡುತ್ತದೆ. ಇಳಿಜಾರು 10 ಡಿಗ್ರಿ ಹೆಚ್ಚಿದರೆ ವೇಗ ಸುಮಾರು ಎರಡರಷ್ಟಾಗುತ್ತದೆ ಎಂಬುದು ಬೆಂಕಿ ಬಲ್ಲವರ ಅಂದಾಜು ಲೆಕ್ಕ.

ಐದನೇ ಸುತ್ತು ಕಿಡಿಯದು. ಗೆರೆಯ ಮೇಲಿಂದ ಕೆಂಪು ಉಂಡೆಗಳನ್ನು ಎಸೆಯಿರಿ. ತಾಗಿದವರು ಹೊತ್ತಿಕೊಂಡ ಹಾಗೆ. ಬೆಂಕಿ ರೇಖೆ ಇದ್ದೂ ಆಚೆಯ ಕಾಡು ಸುಡುತ್ತದೆ. ಮಕ್ಕಳು "ಹಾಗಾದರೆ ಗೆರೆ ಯಾಕೆ?" ಎಂದು ಕೇಳಿಯೇ ಕೇಳುತ್ತಾರೆ. ಆಗ ಇಬ್ಬರನ್ನು ಗೆರೆಯ ಹಿಂದೆ ವಾಚರ್ ಆಗಿ ನಿಲ್ಲಿಸಿ, ಉಂಡೆ ಹಿಡಿಯಲು ಹೇಳಿ ಮತ್ತೆ ಆಡಿಸಿ. ರೇಖೆಯೊಂದೇ ಸಾಲದು, ಅಲ್ಲಿ ಮನುಷ್ಯರು ಕಾಯುತ್ತಿರಬೇಕು ಎನ್ನುವುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಆಟ ಕೆಡುವುದು ಎರಡು ಕಾರಣಕ್ಕೆ. ವೃತ್ತ ಬರೆಯದಿದ್ದರೆ ಮರಗಳು ನಡೆಯಲು ಶುರು ಮಾಡುತ್ತವೆ. ಇನ್ನೊಂದು, ಎಲ್ಲರಿಗೂ ಬೆಂಕಿಯೇ ಆಗಬೇಕೆಂಬ ಆಸೆ. ಮೊದಲ ಕಿಡಿ ಯಾವಾಗಲೂ ಶಿಕ್ಷಕರ ಕೈಯಲ್ಲಿರಲಿ.

ಬೆಂಕಿಕಡ್ಡಿಗಳನ್ನು ಜೇಡಿಮಣ್ಣಿನ ಹಲಗೆಯಲ್ಲಿ ನೆಟ್ಟು "ಕಾಡು" ಮಾಡಿ ಹಚ್ಚಿ ತೋರಿಸುವ ಪ್ರಯೋಗವೂ ಇದೆ. ಚಂದವೇನೋ ಹೌದು. ಆದರೆ 5ನೇ ತರಗತಿಗಿಂತ ಕೆಳಗಿನವರಿಗೆ ಬೇಡವೇ ಬೇಡ, ಸಂಜೆಗೆ ಮನೆಯ ಹಿತ್ತಲಲ್ಲಿ ಅದೇ ಪ್ರಯೋಗ ನಡೆಯುತ್ತದೆ. ದೊಡ್ಡ ಮಕ್ಕಳಿಗೆ ತೋರಿಸುವುದಾದರೆ ಹೊರಗೆ, ಗಾಳಿ ಇಲ್ಲದ ಹೊತ್ತಿನಲ್ಲಿ, ಮಕ್ಕಳು 2 ಮೀಟರ್ ಹಿಂದೆ, ಪಕ್ಕದಲ್ಲಿ ತುಂಬಿದ ಬಕೆಟ್, ಹಚ್ಚುವುದು ಶಿಕ್ಷಕರೇ. ಕಡ್ಡಿಗಳ ನಡುವೆ 1 ಸೆಂಟಿಮೀಟರ್ ಬಿಟ್ಟು ಮೊದಲು ನೀವೊಬ್ಬರೇ ಮಾಡಿ ನೋಡಿ. ಅರ್ಧ ಸೆಂಟಿಮೀಟರಿಗೆ ನೆಟ್ಟರೆ ಎಲ್ಲ ಒಮ್ಮೆಲೇ ಭಗ್ಗೆಂದು ಏನೂ ಕಾಣುವುದಿಲ್ಲ.

3ನೇ ಅವಧಿ: ಹೊಗೆ ಕಂಡರೆ ಹೇಳುವ ಮಾತು

ಕಾಡಿನ ಬೆಂಕಿಯನ್ನು ಉಪಗ್ರಹವೂ ಕಾಣುತ್ತದೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಆ ಮಾಹಿತಿಯನ್ನು ರಾಜ್ಯಗಳ ಅರಣ್ಯ ಸಿಬ್ಬಂದಿಗೆ ಸಂದೇಶವಾಗಿ ಕಳಿಸುತ್ತದೆ. ಆದರೆ ಉಪಗ್ರಹ ನೆತ್ತಿಯ ಮೇಲೆ ಹಾದುಹೋಗುವ ಹೊತ್ತಿಗೆ ಮಾತ್ರ ಅದಕ್ಕೆ ಕಾಣುವುದು. ನಡುವಿನ ಗಂಟೆಗಳಲ್ಲಿ ಹೊತ್ತಿದ ಬೆಂಕಿಗೆ ಊರಿನವರ ಕಣ್ಣೇ ಗತಿ ಎಂದು ಮಕ್ಕಳಿಗೆ ಹೇಳಿ, ತಮ್ಮ ಕೆಲಸದ ತೂಕ ಅವರಿಗೆ ಗೊತ್ತಾಗಲಿ.

ಫೋನಿನಲ್ಲಿ ಹೇಳುವುದನ್ನು ಜೋಡಿ ಜೋಡಿಯಾಗಿ ಅಭಿನಯ ಮಾಡಿಸಿ. ಒಬ್ಬರು ನಿಯಂತ್ರಣ ಕೊಠಡಿ, ಒಬ್ಬರು ಮಗು. ಕ್ರಮ ಹೀಗಿರಲಿ: ಎಲ್ಲಿ, ಏನು ಉರಿಯುತ್ತಿದೆ, ಯಾವ ಕಡೆಗೆ ಹೋಗುತ್ತಿದೆ, ಅಲ್ಲಿ ಜನ ಇದ್ದಾರಾ, ಹೇಳುತ್ತಿರುವುದು ಯಾರು. ಉದಾಹರಣೆಗೆ: "ಸಾರ್, ಗುಂಡ್ಲುಪೇಟೆ ತಾಲ್ಲೂಕು, ಇಂಥ ಹೋಬಳಿ, ಇಂಥ ಊರು. ಕೆರೆ ಏರಿ ದಾಟಿ ಆನೆ ಕಂದಕದ ಆಚೆ, ಮಾರಮ್ಮನ ಗುಡಿ ಹಿಂದೆ ಹುಲ್ಲು ಉರೀತಾ ಇದೆ. ಹೊಗೆ ಬೆಟ್ಟದ ಕಡೆ ಬಾಗಿದೆ. ಎರಡು ಆಳು ದನ ಮೇಯಿಸ್ತಾ ಇದ್ದರು."

ಮಕ್ಕಳು ಸಾಮಾನ್ಯವಾಗಿ ಎಡವುವುದು ಎಲ್ಲಿ ಎಂದರೆ, "ನಮ್ಮೂರಲ್ಲಿ ಬೆಂಕಿ ಬಿದ್ದಿದೆ" ಎಂದು ಕೂಗಿ ಫೋನ್ ಇಟ್ಟುಬಿಡುತ್ತಾರೆ. 112ಕ್ಕೆ ಕರೆ ಎತ್ತುವವರು ಎಷ್ಟೋ ದೂರದಲ್ಲಿರುತ್ತಾರೆ, ಒಂದೇ ಹೆಸರಿನ ಊರುಗಳು ಬೇಕಾದಷ್ಟಿವೆ. ತಾಲ್ಲೂಕು ಮೊದಲು, ಊರು ಆಮೇಲೆ, ಗುರುತು ಕೊನೆಗೆ. ಆ ಕಡೆಯವರು "ಇಡು" ಎನ್ನುವವರೆಗೆ ಫೋನ್ ಇಡಬಾರದು. ಅಭ್ಯಾಸಕ್ಕೆ ನಿಜವಾದ ನಂಬರಿಗೆ ಕರೆ ಮಾಡಿಸಬೇಡಿ, ಡಸ್ಟರನ್ನೇ ಫೋನು ಮಾಡಿಕೊಳ್ಳಿ. ಬಹಳ ಕಡೆ ಕಾಡಂಚಿನಲ್ಲಿ ಸಿಗ್ನಲ್ ಸಿಗುವುದಿಲ್ಲ. ಊರಲ್ಲಿ ಎಲ್ಲಿ ನಿಂತರೆ ಸಿಗುತ್ತದೆ ಎಂಬುದು ಮಕ್ಕಳಿಗೇ ಚೆನ್ನಾಗಿ ಗೊತ್ತು, ಅವರಿಂದಲೇ ಹೇಳಿಸಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಬೆಂಕಿ ಕಂಡ ಮಗು ಬಾಯಿ ಬಿಡದಿರಲು ದೊಡ್ಡ ಕಾರಣ ಹೆದರಿಕೆ: ಹೇಳಿದರೆ "ನೀನೇ ಹಚ್ಚಿದ್ದಾ?" ಎನ್ನುತ್ತಾರೆ, ಇಲ್ಲವೇ ದನ ಮೇಯಿಸಲು ಹೋದ ಅಪ್ಪನ ಮೇಲೆ ಬರುತ್ತದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ ಎಂಬುದು ಊರಿಗೆಲ್ಲ ಗೊತ್ತಿರುವ ಮಾತು. ಆದ್ದರಿಂದ ಶಾಲೆಯಲ್ಲಿ "ಯಾರು ಹಚ್ಚಿದರು" ಎಂಬ ಪ್ರಶ್ನೆಯನ್ನು ಯಾವತ್ತೂ ಕೇಳಬೇಡಿ. ಬಂದ ಗಾರ್ಡ್ ಕೇಳಿದರೂ ಅಲ್ಲೇ ತಡೆಯಿರಿ. ಒಮ್ಮೆ ಆ ಪ್ರಶ್ನೆ ಬಿತ್ತೆಂದರೆ ಮುಂದಿನ ಹೊಗೆಯ ಸುದ್ದಿ ನಿಮಗೆ ಬರುವುದಿಲ್ಲ.

4ನೇ ಅವಧಿ: ಯಾವ ಕಡೆಗೆ ಹೋಗಬೇಕು

ಬಯಲಲ್ಲಿ ನಿಂತು ಕಲಿಸಿ. ಮೊದಲು ಗಾಳಿ: ಒಂದು ಚಿಟಿಕೆ ಒಣ ಮಣ್ಣು ಭುಜದೆತ್ತರದಿಂದ ಬಿಟ್ಟರೆ ಸಾಕು. ಬೆಂಕಿ ಗಾಳಿಯ ಜೊತೆ ಹೋಗುತ್ತದೆ, ಆದ್ದರಿಂದ ಅದರ ಮುಂದೆ ಮುಂದೆ ಓಡಬಾರದು, ಅಡ್ಡಕ್ಕೆ ಓಡಿ ಅದರ ದಾರಿಯಿಂದ ಆಚೆ ಬೀಳಬೇಕು. ಬೆಟ್ಟದಲ್ಲಿದ್ದರೆ ಮೇಲಕ್ಕೆ ಹತ್ತಬಾರದು. ಕಿರಿದಾದ ಹಳ್ಳ, ಕೊರಕಲುಗಳಿಗೆ ಇಳಿಯಬಾರದು. ತಂಪು ಜಾಗವೆಂದು ಮಕ್ಕಳು ಅಲ್ಲಿಗೇ ಓಡುತ್ತಾರೆ, ಆದರೆ ಇಳಿಜಾರಿನ ಒಣ ಕೊರಕಲು ಬಿಸಿಗಾಳಿಯನ್ನು ಕೊಳವೆಯಂತೆ ಮೇಲೆಳೆಯುತ್ತದೆ. ಲಂಟಾನದ ಮೆಳೆಯೊಳಗೆ ಅಡಗಬಾರದು.

ಹೋಗಬಹುದಾದ ಜಾಗಗಳು ಊರೂರಿಗೆ ಬೇರೆ. ಟಾರು ರಸ್ತೆ, ಉತ್ತ ಹೊಲ, ನೀರಿರುವ ಕೆರೆಯಂಗಳ, ಬಂಡೆಯ ಹಾಸು, ಹಸಿರಾಗಿರುವ ಬಾಳೆ ತೋಟ. ಮಕ್ಕಳಿಂದ ಊರಿನ ನಕ್ಷೆ ಬರೆಯಿಸಿ, ಶಾಲೆಯ ದಾರಿ, ಸೌದೆಯ ದಾರಿ, ದನದ ದಾರಿ ಗುರುತು ಮಾಡಿಸಿ, ಪ್ರತಿ ದಾರಿಯಲ್ಲೂ ಇಂಥ ಎರಡು ಜಾಗ ಹುಡುಕಿಸಿ. ಒಂದು ಸಿಕ್ಕಿದರೆ ಸಾಲದು, ಅದರ ಕಡೆಯಿಂದಲೇ ಬೆಂಕಿ ಬರುತ್ತಿರಬಹುದು. ಆಗಲೇ ಸುಟ್ಟು ಕರಿಯಾದ ನೆಲ ಮತ್ತೆ ಉರಿಯುವುದಿಲ್ಲ, ಬೇರೆ ದಾರಿ ಇಲ್ಲದಿದ್ದರೆ ಅದೂ ಒಂದು ಆಸರೆ. ಆದರೆ ಬೂದಿಯ ಕೆಳಗೆ ಕೆಂಡ ಇರುತ್ತದೆ, ಬುಡ ಸುಟ್ಟ ಮರ ಸದ್ದಿಲ್ಲದೆ ಉರುಳುತ್ತದೆ. ಹೊತ್ತಿರುವ ಉರಿಯನ್ನು ದಾಟಿ ಕರಿನೆಲಕ್ಕೆ ಹಾರುವುದಂತೂ ಕೂಡದು.

ಒದ್ದೆ ಬಟ್ಟೆ ಮೂಗಿಗೆ ಕಟ್ಟಿಕೊಂಡರೆ ಹೊಗೆಯಿಂದ ಕಾಪಾಡುತ್ತದೆ ಎಂದು ಹೇಳಿಕೊಡುವವರಿದ್ದಾರೆ. ಬೂದಿ, ಮಸಿ ಒಂದಿಷ್ಟು ತಡೆದೀತು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡನ್ನು ಯಾವ ಒದ್ದೆ ಬಟ್ಟೆಯೂ ತಡೆಯುವುದಿಲ್ಲ. ಬಟ್ಟೆ ಒದ್ದೆ ಮಾಡುತ್ತ ನಿಲ್ಲುವ ಬದಲು ಆ ಹೊತ್ತಿನಲ್ಲಿ ದೂರ ಹೋಗುವುದು ಮೇಲು.

ದನ, ಆಡುಗಳ ಮಾತು ಇಲ್ಲೇ ಬರಬೇಕು. ಕಾಡಂಚಿನ ಮಗು ಬೆಂಕಿಯ ಎದುರಿಗೂ ಆಡಿನ ಮರಿಯನ್ನು ಬಿಟ್ಟು ಬರುವುದಿಲ್ಲ. ಕಳೆದುಕೊಂಡು ಹೋದರೆ ಮನೆಯಲ್ಲಿ ಬೀಳುವ ಹೊಡೆತದ ಭಯ ಒಂದು ಕಡೆ, ಪ್ರೀತಿ ಇನ್ನೊಂದು ಕಡೆ. ಹಗ್ಗ ಬಿಚ್ಚಿಬಿಟ್ಟರೆ ದನ ತನ್ನ ದಾರಿ ತಾನು ನೋಡಿಕೊಳ್ಳುತ್ತದೆ ಎಂದು ಶಿಕ್ಷಕರು ಎಷ್ಟು ಹೇಳಿದರೂ ನಡೆಯುವುದಿಲ್ಲ. ಪೋಷಕರ ಸಭೆಯಲ್ಲಿ ಮಕ್ಕಳ ಎದುರೇ ಅಪ್ಪ ಅಥವಾ ಅಮ್ಮ ಬಾಯಿ ಬಿಟ್ಟು ಹೇಳಬೇಕು: "ದನ ಹೋದರೆ ಹೋಗಲಿ ಮಗಾ, ನೀನು ಬಾ." ಈ ಒಂದು ವಾಕ್ಯಕ್ಕಾಗಿ ಸಭೆ ಕರೆದರೂ ತಪ್ಪಿಲ್ಲ.

5ನೇ ಅವಧಿ: ಬಟ್ಟೆಗೆ ಬೆಂಕಿ, ಸುಟ್ಟ ಗಾಯ

ಸಮವಸ್ತ್ರ ಬಹುಪಾಲು ಪಾಲಿಯೆಸ್ಟರ್ ಬೆರೆತ ಬಟ್ಟೆ. ಹತ್ತಿ ಮತ್ತು ಪಾಲಿಯೆಸ್ಟರಿನ ಅಂಗೈ ಅರ್ಧದಷ್ಟು ತುಂಡುಗಳನ್ನು ಶಿಕ್ಷಕರು ಹೊರಗೆ ಇಕ್ಕಳದಲ್ಲಿ ಹಿಡಿದು, ಬಕೆಟ್ ನೀರಿನ ಮೇಲೆ ಸುಟ್ಟು ತೋರಿಸಬಹುದು. ಹತ್ತಿ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ, ಕಪ್ಪು ಹನಿಯಾಗಿ ತೊಟ್ಟಿಕ್ಕಿ, ತಣ್ಣಗಾದಾಗ ಗಟ್ಟಿ ಮಣಿಯಾಗುತ್ತದೆ. ಆ ಮಣಿಯನ್ನು ಮಕ್ಕಳ ಕೈಗೆ ಕೊಡಿ. ಚರ್ಮಕ್ಕೆ ಅಂಟಿದರೆ ಏನಾಗುತ್ತದೆಂದು ಹೇಳಲೇಬೇಕಿಲ್ಲ. ಇದನ್ನು ನೋಡಿ ಕೆಲವರು "ಹತ್ತಿ ಬಟ್ಟೆ ಸುಡುವುದಿಲ್ಲ" ಎಂದು ತಿಳಿದುಕೊಂಡು ಹೋಗುತ್ತಾರೆ. ಎರಡೂ ಸುಡುತ್ತವೆ, ತೆಳ್ಳಗೆ ಸಡಿಲವಾಗಿ ತೂಗಾಡುವ ಬಟ್ಟೆ ಯಾವುದಾದರೂ ಬೇಗ ಹೊತ್ತುತ್ತದೆ. ಸಂಕ್ರಾಂತಿಯ ಸಂಜೆ ಕಿಚ್ಚು ಹಾಯಿಸುವಾಗ, ದೀಪಾವಳಿಯಲ್ಲಿ, ಕಾಮದಹನದ ಸುತ್ತ ಓಡಾಡುವಾಗ ದುಪಟ್ಟಾ, ಲಂಗದ ನೆರಿಗೆಗಳ ನೆನಪಿರಲಿ.

ಬಟ್ಟೆಗೆ ಬೆಂಕಿ ಹತ್ತಿದರೆ: ನಿಲ್ಲು, ಬೀಳು, ಉರುಳು. ಜಮಖಾನ ಹಾಸಿ ಪ್ರತಿ ಮಗುವಿಗೂ ಮಾಡಿಸಿ. ಅಂಗಿಗೆ ಕೆಂಪು ರಿಬ್ಬನ್ ಸಿಕ್ಕಿಸಿ, "ಇದು ಉರಿ" ಎನ್ನಿ. ಓಡುವುದನ್ನು ನಿಲ್ಲಿಸಬೇಕು, ನೆಲಕ್ಕೆ ಮಲಗಬೇಕು, ಎರಡೂ ಅಂಗೈಯಿಂದ ಮುಖ ಮುಚ್ಚಿ, ರಿಬ್ಬನ್ ನೆಲಕ್ಕೆ ಒತ್ತುವ ಹಾಗೆ ಆ ಕಡೆ ಈ ಕಡೆ ಉರುಳಬೇಕು. ನಲಿ-ಕಲಿ (1ರಿಂದ 3ನೇ ತರಗತಿ) ವಯಸ್ಸಿನವರು ಇದನ್ನು ಎಷ್ಟು ಇಷ್ಟಪಡುತ್ತಾರೆಂದರೆ, ಆಮೇಲೆ "ಬೆಂಕಿ" ಎಂದ ಕೂಡಲೇ ಎಲ್ಲರೂ ನೆಲಕ್ಕೆ ಬಿದ್ದು ಉರುಳುತ್ತಾರೆ. ಆದ್ದರಿಂದ ಪಕ್ಕದಲ್ಲೇ ಇನ್ನೊಂದನ್ನೂ ಅಭ್ಯಾಸ ಮಾಡಿಸಿ: ರಿಬ್ಬನ್ ಅಂಗಿಯ ಮೇಲಿದ್ದರೆ ಉರುಳು, ಬೇರೆಲ್ಲಾದರೂ ಇದ್ದರೆ ದೂರ ನಡೆ.

ಸುಟ್ಟ ಗಾಯಕ್ಕೆ ನೀರು, 20 ನಿಮಿಷ. ಹರಿಯುವ ತಣ್ಣೀರು ಒಳ್ಳೆಯದು. ನಲ್ಲಿ ಇಲ್ಲದಿದ್ದರೆ ಚೊಂಬಿನಿಂದ ನಿಧಾನ ಸುರಿಯುತ್ತಿರಬೇಕು, ಕೈ ಕಾಲಾದರೆ ಬಕೆಟ್ಟಿನಲ್ಲಿ ಅದ್ದಿ ನೀರು ಬೆಚ್ಚಗಾದಂತೆ ಬದಲಿಸಬೇಕು. ತಕ್ಷಣ ಆಗದಿದ್ದರೂ ಮೂರು ಗಂಟೆಯೊಳಗೆ ಮಾಡಿದರೆ ಪ್ರಯೋಜನವಿದೆ. ಐಸ್ ಬೇಡ. ಟೂತ್‌ಪೇಸ್ಟ್, ಇಂಕು, ಬೆಣ್ಣೆ, ಅರಿಶಿನ, ಕಾಫಿಪುಡಿ ಯಾವುದೂ ಬೇಡ. ಬಿಸಿಯನ್ನು ಒಳಗೇ ಹಿಡಿದಿಡುತ್ತವೆ, ಆಸ್ಪತ್ರೆಯಲ್ಲಿ ಅದನ್ನೆಲ್ಲ ಉಜ್ಜಿ ತೆಗೆಯುವಾಗ ಮಗು ಎರಡನೇ ಸಲ ನರಳುತ್ತದೆ. ಬಳೆ, ಉಂಗುರ, ಕಾಲ್ಗೆಜ್ಜೆ, ಉಡಿದಾರ ಊತ ಬರುವ ಮುನ್ನ ತೆಗೆಯಿರಿ. ಅಂಟಿದ ಬಟ್ಟೆ ಕೀಳಬೇಡಿ, ಗುಳ್ಳೆ ಒಡೆಯಬೇಡಿ. ಸುಟ್ಟ ಜಾಗ ದೊಡ್ಡದಿದ್ದರೆ ಅಲ್ಲಿಗೆ ಮಾತ್ರ ನೀರು, ಉಳಿದ ಮೈಗೆ ಕಂಬಳಿ. ಸಣ್ಣ ಮಕ್ಕಳ ಮೈ ಬೇಗ ಥಂಡಿ ಹಿಡಿಯುತ್ತದೆ. ಶುಭ್ರ ಬಟ್ಟೆ ಸಡಿಲವಾಗಿ ಮುಚ್ಚಿ 108ಕ್ಕೆ ಕರೆ ಮಾಡಿ. ಮುಖ, ಕೈ, ಗುಪ್ತಾಂಗ, ಕೀಲುಗಳ ಮೇಲೆ ಸುಟ್ಟಿದ್ದರೆ ಗಾಯ ಸಣ್ಣದಾದರೂ ಆಸ್ಪತ್ರೆಗೇ ಹೋಗಬೇಕು.

ಮನೆಯೊಳಗಿನ ಬೆಂಕಿಗೆ ಒಂದೇ ಮಾತು ಗಟ್ಟಿ ಮಾಡಿಸಿ: ಅಡಗಬೇಡ. ಹೆದರಿದ ಮಗು ಮಂಚದ ಕೆಳಗೆ, ಬಾಗಿಲ ಸಂದಿಯಲ್ಲಿ ಸೇರಿಕೊಳ್ಳುತ್ತದೆ, ಹುಡುಕುವವರಿಗೆ ಸಿಗುವುದಿಲ್ಲ. ಹೊಗೆ ತುಂಬಿದ್ದರೆ ತೆವಳಿಕೊಂಡು ಹೊರಗೆ, ಹೊರಗೆ ಬಂದ ಮೇಲೆ ಪುಸ್ತಕದ ಚೀಲಕ್ಕೂ ನಾಯಿಮರಿಗೂ ಒಳಗೆ ಹೋಗುವ ಹಾಗಿಲ್ಲ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬಾರದು, ಆನ್ ಮಾಡುವುದೂ ಬೇಡ ಆಫ್ ಮಾಡುವುದೂ ಬೇಡ. ಹೊರಗೆ ಬಂದು ದೊಡ್ಡವರಿಗೆ ಹೇಳಬೇಕು. ದೊಡ್ಡವರಿಗೆ 1906 (ಗ್ಯಾಸ್ ಸೋರಿಕೆಯ ಸಹಾಯವಾಣಿ) ಗೊತ್ತಿರಲಿ.

6ನೇ ಅವಧಿ: ಶಾಲೆಯ ಕವಾಯತು

ಗಂಟೆಯ ಸದ್ದು ಬೇರೆಯಾಗಿರಬೇಕು: ಬಿಡದೆ ಬಾರಿಸಿದರೆ ಬೆಂಕಿ. ಸೇರುವ ಜಾಗ ಕಟ್ಟಡದಿಂದ ಕನಿಷ್ಠ 30 ಮೀಟರ್ ದೂರ, ಅಡುಗೆಮನೆಯ ಸಿಲಿಂಡರ್ ಇರುವ ಬದಿಗಲ್ಲ, ಒಣಹುಲ್ಲಿನ ಬದಿಗೂ ಅಲ್ಲ. ಶಿಕ್ಷಕರು ಹೊರಡುವಾಗ ಕೈಯಲ್ಲಿ ಹಿಡಿಯಬೇಕಾದದ್ದು ಹಾಜರಿ ಪುಸ್ತಕ ಒಂದೇ. ಹೊರಗೆ ತಲೆ ಎಣಿಸಿದರೆ ಸಾಲದು, ಹೆಸರು ಕೂಗಬೇಕು. ಶೌಚಾಲಯಕ್ಕೆ ಹೋದ ಮಗು, ಅಂದು ಬಂದಿದ್ದ ಯಾರದೋ ತಮ್ಮ ಸೇರಿ ಲೆಕ್ಕ ಸರಿಯಾದಂತೆ ಕಂಡುಬಿಡುತ್ತದೆ.

ಒಂದಂತಸ್ತಿನ ಸಣ್ಣ ಶಾಲೆ ಮೂರು ನಿಮಿಷದೊಳಗೆ ಖಾಲಿಯಾಗಬೇಕು. ಮೊದಲ ಸಲ ಹಾಗಾಗುವುದಿಲ್ಲ, ಕಾರಣ ಹೆಚ್ಚಾಗಿ ಹೊಸ್ತಿಲ ಹೊರಗಿನ ಚಪ್ಪಲಿ ರಾಶಿ. ಮುಂದಿದ್ದವರು ಬಾಗಿ ತಮ್ಮ ಜೋಡಿ ಹುಡುಕುತ್ತಾರೆ, ಹಿಂದಿನವರು ನೂಕುತ್ತಾರೆ, ಸಣ್ಣವರು ಎಡವಿ ಬೀಳುತ್ತಾರೆ. ಚಪ್ಪಲಿ ಗೂಡನ್ನು ಬಾಗಿಲಿನಿಂದ 2 ಮೀಟರ್ ಪಕ್ಕಕ್ಕೆ ಸರಿಸಿ. ಹೊರಗೆ ಬಂದ ಮೇಲೆ, ದಾರಿ ಬಿಟ್ಟು ನಿಂತು ಹಾಕಿಕೊಳ್ಳಲಿ. ಎರಡು ಬಾಗಿಲಿದ್ದು ಒಂದಕ್ಕೆ ಸದಾ ಬೀಗ ಇರುವ ಕೊಠಡಿಗಳೂ ಕಡಿಮೆಯೇನಿಲ್ಲ. ಶಾಲಾ ಅವಧಿಯಲ್ಲಿ ಆ ಬೀಗ ತೆಗೆದಿರಬೇಕು.

ವಾಚರ್ ಬಂದ ದಿನ

ಭಾಷಣಕ್ಕೆ ಕರೆಯಬೇಡಿ, ಮಕ್ಕಳು ಪ್ರಶ್ನೆ ಕೇಳಲಿ. ರಾತ್ರಿ ಎಲ್ಲಿ ಮಲಗುತ್ತೀರಿ, ನೀರು ಎಲ್ಲಿಂದ ತರುತ್ತೀರಿ, ಯಾವ ಮರದ ಸೊಪ್ಪು ಬಡಿಯಲು ಒಳ್ಳೆಯದು, ಆನೆ ಅಡ್ಡ ಬಂದರೆ ಏನು ಮಾಡುತ್ತೀರಿ. ಬರುವ ಬೆಂಕಿಯ ಮುಂದಿನ ತರಗನ್ನು ತಾವೇ ಮೊದಲು ಸುಟ್ಟು, ಎದುರು ಬೆಂಕಿ ಕೊಟ್ಟು ಬೆಂಕಿ ನಿಲ್ಲಿಸುವುದನ್ನು ಅವರು ವಿವರಿಸಿದರೆ ಮಕ್ಕಳು ಬಾಯಿ ತೆರೆದು ಕೇಳುತ್ತಾರೆ. ಗಾಳಿ ತಿರುಗಿದರೆ ಅದೇ ಬೆಂಕಿ ಹಚ್ಚಿದವರನ್ನು ಸುತ್ತುತ್ತದೆ ಎಂಬುದನ್ನೂ ಅವರ ಬಾಯಿಂದಲೇ ಹೇಳಿಸಿ.

7ನೇ ತರಗತಿಯಿಂದ ಮೇಲಿನವರಿಗೆ ಇನ್ನೊಂದು ವಿಷಯ ಎತ್ತಬಹುದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಆರಂಭದಲ್ಲೇ, ಎಲೆ ಪೂರ್ತಿ ಒಣಗುವ ಮುನ್ನ, ಸಣ್ಣಗೆ ಹಾಯಿಸುತ್ತಿದ್ದ ತರಗು ಬೆಂಕಿಯ ಪದ್ಧತಿ ಇತ್ತು. 1974ರಲ್ಲಿ ಅದು ಅಭಯಾರಣ್ಯವಾದ ಮೇಲೆ ನಿಂತುಹೋಯಿತು. ಅದು ನಿಂತಿದ್ದರಿಂದಲೇ ಲಂಟಾನ ಹೆಚ್ಚಿತು, ಈಗ ಬೀಳುವ ಬೆಂಕಿ ದೊಡ್ಡದಾಗುತ್ತಿದೆ ಎನ್ನುತ್ತಾರೆ ಸೋಲಿಗರು. ಒಪ್ಪುವವರೂ ಒಪ್ಪದವರೂ ಇದ್ದಾರೆ. ಬೆಂಕಿ ಎಂದರೆ ಬರೀ ಕೆಟ್ಟದ್ದು ಎಂಬ ಪಾಠ ಸೋಲಿಗರ, ಜೇನು ಕುರುಬರ ಮಕ್ಕಳಿಗೆ ಅವರ ಅಜ್ಜ ಅಜ್ಜಿಯರೇ ತಪ್ಪಿತಸ್ಥರು ಎಂದು ಕೇಳಿಸುತ್ತದೆ. ಆ ತರಗತಿಯಲ್ಲಿ ಮಾತು ತೂಕವಾಗಿರಲಿ.

ಸತ್ತ, ಸುಟ್ಟ ಪ್ರಾಣಿಗಳ ಚಿತ್ರ ತೋರಿಸಬೇಡಿ. ಸಣ್ಣವರು ರಾತ್ರಿ ಬೆಚ್ಚುತ್ತಾರೆ, ದೊಡ್ಡವರು ಫಾರ್ವರ್ಡ್ ಮಾಡುತ್ತಾರೆ. 2019ರಲ್ಲಿ ಬೇರೆ ಕಡೆಯ ಹಳೆಯ ಚಿತ್ರಗಳೇ ಬಂಡೀಪುರದವೆಂದು ಮೊಬೈಲುಗಳಲ್ಲಿ ಹರಿದಾಡಿದ್ದವು.

ಕಲಿತರೇ ಎಂದು ನೋಡುವುದು

"ಅರ್ಥವಾಯಿತಾ?" ಎಂದರೆ "ಆಯಿತು ಸಾರ್" ಎಂಬ ಒಕ್ಕೊರಲು ಬರುತ್ತದೆ. ಎರಡು ವಾರ ಬಿಟ್ಟು, ಒಬ್ಬೊಬ್ಬರನ್ನೇ ಹೊರಗೆ ಕರೆದು ಕೇಳಿ: "ಸೌದೆಗೆ ಹೋಗಿದ್ದೀಯ, ಬೆಟ್ಟದ ಕೆಳಗಿಂದ ಹೊಗೆ ಬರುತ್ತಿದೆ, ತಂಗಿ ಜೊತೆಗಿದ್ದಾಳೆ. ಏನು ಮಾಡುತ್ತೀಯ?" "ಸೊಪ್ಪು ಮುರಿದು ಆರಿಸ್ತೀನಿ" ಎಂದರೆ ಮೊದಲಿನಿಂದ ಕಲಿಸಬೇಕು. "ಮೇಲೆ ಹತ್ತಿ ನೋಡ್ತೀನಿ" ಎಂದರೆ 4ನೇ ಅವಧಿ ಮತ್ತೊಮ್ಮೆ. ತಂಗಿಯ ಕೈ ಹಿಡಿದು ಇಂಥ ರಸ್ತೆಗೆ ಅಡ್ಡಕ್ಕೆ ಇಳಿದು, ಇಂಥವರಿಗೆ ಹೇಳುತ್ತೇನೆ ಎಂದು ಜಾಗದ ಹೆಸರು, ಜನರ ಹೆಸರು ಸಮೇತ ಬಂದರೆ ಕಲಿತಿದ್ದಾರೆ.

ಫೆಬ್ರವರಿ ನಡುವೆ ಒಮ್ಮೆ, ಮಾರ್ಚಿನಲ್ಲಿ ಒಮ್ಮೆ ಮುನ್ಸೂಚನೆ ಕೊಡದೆ ಕವಾಯತು ಮಾಡಿ. ಒಂದನ್ನು ಬಿಸಿಯೂಟದ ಹೊತ್ತಿನಲ್ಲೇ ಇಡಿ, ತಟ್ಟೆ ಕೈಯಲ್ಲಿದ್ದಾಗ ಏನಾಗುತ್ತದೆಂದು ಗೊತ್ತಾಗಲಿ. ಅರಣ್ಯ ಸಿಬ್ಬಂದಿಗೆ ವರ್ಗವಾಗುತ್ತಲೇ ಇರುತ್ತದೆ. ಗೋಡೆಯ ಮೇಲಿನ ವಲಯ ಕಚೇರಿಯ ನಂಬರಿಗೆ ಪ್ರತಿ ವರ್ಷ ಡಿಸೆಂಬರಿನಲ್ಲಿ ಕರೆ ಮಾಡಿ, ಆ ಕಡೆ ಎತ್ತುವವರು ಇದ್ದಾರೆಂದು ಖಾತ್ರಿ ಮಾಡಿಕೊಂಡು, ಬದಲಾಗಿದ್ದರೆ ಅಂದೇ ಬಣ್ಣ ಬಳಿಸಿ.